ಮನೆಯವರೊಬ್ಬರು ಮೊದಲ ಬಾರಿ ಜೈಲಿಗೆ ಹೋದಾಗ

ಓದುಗರ ಪ್ರಶ್ನೆ, ವಕೀಲರ ಉತ್ತರ

ಕಳೆದ ಸಂಚಿಕೆಯಲ್ಲಿ ಜಾಮೀನಿನ ಬಗ್ಗೆ ಬರೆದ ಕೆಲವು ಸಾಲುಗಳನ್ನು ಓದಿ, ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಹಲವು ಮನೆಗಳಿಂದ ಪತ್ರಗಳು ಬಂದಿವೆ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಕೇಳಿಕೊಂಡಿದ್ದಾರೆ; ಯಾರ ಹೆಸರನ್ನೂ ಹಾಕಿಲ್ಲ. ಒಳಗೆ ಏನು ನಡೆಯುತ್ತಿದೆ ಎಂಬುದು ಗೊತ್ತಾಗದಿರುವುದೇ ಮೊದಲ ವಾರದ ದೊಡ್ಡ ಸಂಕಟವೆಂದು ಈ ಪತ್ರಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಹೇಳುತ್ತವೆ, ಮತ್ತು ಆ ಸಂಕಟವನ್ನೇ ಬಂಡವಾಳ ಮಾಡಿಕೊಳ್ಳುವವರೂ ಇದ್ದಾರೆ. ಆದುದರಿಂದ ಈ ತಿಂಗಳ ಅಂಕಣವನ್ನು ಇದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಗಂಡ ಅಡಿಕೆ ವ್ಯಾಪಾರಿಯೊಬ್ಬರಲ್ಲಿ ಲೆಕ್ಕ ಬರೆಯುತ್ತಿದ್ದರು. ಹಣ ಕಡಿಮೆ ಬಂದಿದೆ ಎಂದು ದೂರು ಕೊಟ್ಟು, ಪೊಲೀಸರು ಅವರನ್ನು ಕರೆದುಕೊಂಡು ಹೋದರು. ಮರುದಿನ ಕಾಸರಗೋಡಿನ ಕೋರ್ಟಿನಲ್ಲಿ ಹಾಜರುಪಡಿಸಿ 14 ದಿನ ರಿಮಾಂಡ್ ಎಂದು ಹೊಸದುರ್ಗದ ಜೈಲಿಗೆ ಕಳುಹಿಸಿದ್ದಾರೆ. ಅವರು ಇಷ್ಟು ವರ್ಷದಲ್ಲಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವರಲ್ಲ. ನಮಗೆ ತುಳು, ಕನ್ನಡ ಬಿಟ್ಟರೆ ಮಲಯಾಳ ಅಷ್ಟಕ್ಕಷ್ಟೆ. ಸಿಕ್ಕಿದ ಕಾಗದಗಳೆಲ್ಲ ಮಲಯಾಳದಲ್ಲಿವೆ. ಅಲ್ಲಿ ಅವರಿಗೆ ಏನು ಮಾಡುತ್ತಾರೆ? ನಾನು ಯಾವಾಗ ನೋಡಬಹುದು? ಏನು ತೆಗೆದುಕೊಂಡು ಹೋಗಲಿ?
– ಬದಿಯಡ್ಕ ಸಮೀಪದ ಓದುಗರು

ಉತ್ತರ: ಸಹೋದರಿ, ಮೊದಲು ಆ 14 ದಿನಗಳ ವಿಷಯ. ಅದು ಶಿಕ್ಷೆಯಲ್ಲ, ಹದಿನೈದನೆಯ ದಿನ ತಾನಾಗಿ ಬಿಡುಗಡೆಯಾಗುತ್ತದೆ ಎಂದೂ ಅರ್ಥವಲ್ಲ. ತನಿಖೆ ಮುಗಿಯದಿದ್ದರೆ ಮ್ಯಾಜಿಸ್ಟ್ರೇಟರು ಅದನ್ನು ಮತ್ತೆ ಮತ್ತೆ ಮುಂದುವರಿಸಬಹುದು, ಜಾಮೀನು ಸಿಕ್ಕಿದರೆ ಅದಕ್ಕೂ ಮೊದಲೇ ಹೊರಬರಬಹುದು. ನಿಮ್ಮ ಗಂಡ ಈಗ ವಿಚಾರಣಾಧೀನ ಕೈದಿ, ಅಪರಾಧ ಸಾಬೀತಾದವರಲ್ಲ. ಅವರ ಹಾಗೆ ತೀರ್ಪಿಗಾಗಿ ಕಾಯುತ್ತಿರುವವರೇ ಜೈಲುಗಳಲ್ಲಿ ಹೆಚ್ಚು: 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿ ಹೇಳುತ್ತದೆ. ಊರಿನವರು ಆಡಿಕೊಳ್ಳುವಾಗ ಈ ವ್ಯತ್ಯಾಸವನ್ನು ನೋಡುವುದಿಲ್ಲ, ಆದರೆ ಕಾನೂನು ನೋಡುತ್ತದೆ. ಅವರು ತಮ್ಮ ಸ್ವಂತ ಬಟ್ಟೆಯನ್ನೇ ತೊಡುತ್ತಾರೆ, ಶಿಕ್ಷೆಗೊಳಗಾದವರಂತೆ ಕಡ್ಡಾಯ ಕೆಲಸವೂ ಅವರಿಗೆ ಇಲ್ಲ.

ಮೊದಲ ದಿನ ಒಳಗೆ ನಡೆಯುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮನೆಯವರು ಕಣ್ಣುಮುಚ್ಚಿದಾಗಲೆಲ್ಲ ಕಾಣುವುದು ಆ ಬಾಗಿಲಿನ ಆಚೆಯ ಕತ್ತಲೆಯನ್ನು. ಕೋರ್ಟಿನ ರಿಮಾಂಡ್ ವಾರಂಟಿನೊಂದಿಗೆ ಪೊಲೀಸರು ಅವರನ್ನು ಜೈಲಿನ ಕಚೇರಿಗೆ ಒಪ್ಪಿಸುತ್ತಾರೆ. ಅಲ್ಲಿ ಹೆಸರು, ತಂದೆಯ ಹೆಸರು, ವಿಳಾಸ, ಮೈಮೇಲಿನ ಗುರುತುಗಳನ್ನು ರಿಜಿಸ್ಟರಿನಲ್ಲಿ ಬರೆಯುತ್ತಾರೆ, ಫೋಟೋ ತೆಗೆಯುತ್ತಾರೆ, ಮೈ ತಪಾಸಣೆ ಮಾಡುತ್ತಾರೆ. ಈ ತಪಾಸಣೆ ಮೊದಲ ಬಾರಿ ಹೋದವರಿಗೆ ಬಹಳ ಅವಮಾನವೆನಿಸುತ್ತದೆ. ಮೊದಲ ಭೇಟಿಯಲ್ಲಿ ಅವರು ತಲೆತಗ್ಗಿಸಿ ಕುಳಿತರೆ ಕಾರಣ ಬಹುಮಟ್ಟಿಗೆ ಇದೇ ಆಗಿರುತ್ತದೆ, ಕೆದಕಿ ಕೇಳಬೇಡಿ. ಕೈಯಲ್ಲಿದ್ದ ಹಣ, ಉಂಗುರ, ವಾಚು, ಪರ್ಸನ್ನು ಪಟ್ಟಿ ಮಾಡಿ ಇಟ್ಟುಕೊಳ್ಳುತ್ತಾರೆ. ಆ ಪಟ್ಟಿಗೆ ಅವರ ಸಹಿ ಇರುತ್ತದೆ, ಬಿಡುಗಡೆಯಾಗುವಾಗ ಅದರ ಪ್ರಕಾರ ಹಿಂದಿರುಗಿಸಬೇಕು. ಮೊಬೈಲ್ ಪೊಲೀಸರ ವಶದಲ್ಲಿದೆಯೇ ಜೈಲಿನಲ್ಲಿದೆಯೇ ಎಂಬುದನ್ನು ವಕೀಲರ ಮೂಲಕ ಕೇಳಿ ತಿಳಿದುಕೊಳ್ಳಿ. ಎಷ್ಟೋ ಮನೆಗಳಲ್ಲಿ ಬ್ಯಾಂಕಿನ ವ್ಯವಹಾರವೆಲ್ಲ ಆ ಒಂದು ಫೋನಿನಲ್ಲಿಯೇ ನಿಂತುಬಿಡುತ್ತದೆ.

ಬಂಧನದ ನಂತರ ಸರಕಾರಿ ವೈದ್ಯರಿಂದ ತಪಾಸಣೆ ಆಗಲೇಬೇಕು. ಅದರ ವರದಿಯ ಪ್ರತಿಯನ್ನು ಬಂಧಿತನಿಗೆ ಅಥವಾ ಅವನು ಹೇಳಿದವರಿಗೆ ಕೊಡಬೇಕೆಂದು ಕಾನೂನಿದೆ. ಹಲವರು ಇದನ್ನು ಕೇಳುವುದೇ ಇಲ್ಲ. ನೀವು ಕೇಳಿ. ಮೈಮೇಲೆ ಗಾಯವಿದ್ದರೆ ಆ ವರದಿಯಲ್ಲಿ ಇರಬೇಕು, ಇಲ್ಲದಿದ್ದರೆ ಮುಂದಿನ ಹಾಜರಾತಿಯಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಅವರೇ ಬಾಯಿಬಿಟ್ಟು ಹೇಳಬೇಕು. ಆ ಹಾಜರಾತಿ ಈಗ ಹಲವು ಸಲ ವಿಡಿಯೊ ಮೂಲಕ ನಡೆಯುತ್ತದೆ. ಪರದೆಯ ಮುಂದೆಯೂ ಮಾತನಾಡುವ ಹಕ್ಕು ಅವರಿಗಿದೆ ಎಂದು ವಕೀಲರು ಅವರಿಗೆ ಮೊದಲೇ ತಿಳಿಸಿರಲಿ.

ಭೇಟಿಯ ವಿಷಯಕ್ಕೆ ಬರುತ್ತೇನೆ. ಭೇಟಿಗೆ ನಿಗದಿಯಾದ ದಿನ ಮತ್ತು ಹೊತ್ತು ಇದೆ. ಹೊರಡುವ ಮೊದಲು ಜೈಲಿನ ಕಚೇರಿಗೆ ಫೋನ್ ಮಾಡಿ ಅದನ್ನು ಖಚಿತಪಡಿಸಿಕೊಳ್ಳಿ, ಇಲ್ಲವೇ ಇ-ಮುಲಾಕಾತ್ ಎಂಬ ರಾಷ್ಟ್ರೀಯ ಜಾಲತಾಣದಲ್ಲಿ ಮುಂಚಿತವಾಗಿ ಹೆಸರು ನೋಂದಾಯಿಸಿ. ಬದಿಯಡ್ಕದಿಂದ ಕಾಸರಗೋಡಿಗೆ, ಅಲ್ಲಿಂದ ಹೊಸದುರ್ಗದ ಜೈಲಿರುವ ಕಾಞಂಗಾಡಿಗೆ ಎರಡು ಬಸ್ಸು ಹಿಡಿದು ಹೋಗಿ, ಇಂದು ಭೇಟಿ ಇಲ್ಲ ಎಂದು ಕೇಳಿಸಿಕೊಂಡು ಬರುವುದು ಬೇಡ. ಆಧಾರ್ ಕಾರ್ಡಿನ ಮೂಲಪ್ರತಿ ಮತ್ತು ಒಂದು ನಕಲು ಕೈಯಲ್ಲಿರಲಿ. ಅವರ ಪೂರ್ಣ ಹೆಸರು, ಪೊಲೀಸ್ ಠಾಣೆಯ ಹೆಸರು, ಕ್ರೈಂ ನಂಬರ್ (ಅಂದರೆ ಠಾಣೆಯ ಎಫ್‌ಐಆರ್ ನಂಬರ್), ಜೈಲಿಗೆ ಹೋದ ದಿನಾಂಕ ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕಿಟಕಿಯ ಆಚೆಯಿಂದ ಮಲಯಾಳದಲ್ಲಿ ಪ್ರಶ್ನೆ ಬಂದಾಗ ಆ ಚೀಟಿ ತೋರಿಸಿದರೆ ಕೆಲಸ ಸುಲಭವಾಗುತ್ತದೆ. ಮೊದಲ ಸಲ ಮಲಯಾಳ ಬಲ್ಲ ಭಾವನನ್ನೋ ಅಣ್ಣನನ್ನೋ ಜೊತೆಗೆ ಕರೆದುಕೊಂಡು ಹೋಗಿ. ಒಳಗೆ ಅವರೊಂದಿಗೆ ತುಳುವಿನಲ್ಲಿ ಮಾತಾಡಲು ಹಿಂಜರಿಯಬೇಡಿ, ಈ ಜಿಲ್ಲೆಯ ಭಾಷೆಗಳು ಅಲ್ಲಿನ ಸಿಬ್ಬಂದಿಗೆ ಹೊಸತಲ್ಲ.

ಮನೆಯ ಅಡುಗೆಯನ್ನು ಕಟ್ಟಿಕೊಂಡು ಹೋಗಬೇಡಿ, ಸಾಮಾನ್ಯವಾಗಿ ಅದನ್ನು ಒಳಗೆ ಬಿಡುವುದಿಲ್ಲ. ಎರಡು ಜೊತೆ ಸಾದಾ ಬಟ್ಟೆ, ಒಳ ಉಡುಪು, ಲುಂಗಿ, ಒಂದು ಬೈರಾಸು, ಓದುವ ಕನ್ನಡಕವಿದ್ದರೆ ಕನ್ನಡಕ – ಇಷ್ಟು ಸಾಕು, ಅದನ್ನೂ ಗೇಟಿನಲ್ಲಿ ಪರೀಕ್ಷಿಸಿಯೇ ಕೊಡುತ್ತಾರೆ. ಬೀಡಿ, ಎಲೆಅಡಿಕೆ, ಮೊಬೈಲು, ಮಾತ್ರೆಯ ಬಿಡಿ ಪಟ್ಟಿ ಇವುಗಳನ್ನು ಚೀಲದಲ್ಲಿ ಮರೆತೂ ಇಡಬೇಡಿ. ಬಟ್ಟೆಯ ಮಡಿಕೆಯಲ್ಲಿ ಒಂದು ಬೀಡಿಯ ಕಟ್ಟು ಸಿಕ್ಕಿದರೂ ತೊಂದರೆ ಬರುವುದು ಒಳಗಿರುವವರಿಗೆ. ಜೈಲಿನ ಕ್ಯಾಂಟೀನಿನಿಂದ ಸೋಪು, ಪೇಸ್ಟು, ತಿಂಡಿ ಕೊಳ್ಳಲು ಅವರ ಹೆಸರಿಗೆ ಹಣ ಕಟ್ಟಬಹುದು. ಎಷ್ಟು, ಹೇಗೆ ಎಂದು ಜೈಲಿನ ಕಚೇರಿಯಲ್ಲಿಯೇ ಕೇಳಿ, ಅಲ್ಲಿಯೇ ಕಟ್ಟಿ, ರಶೀದಿ ಪಡೆಯಿರಿ. ಜೈಲಿನಿಂದ ಫೋನ್ ಮಾಡುವ ಸೌಕರ್ಯವೂ ಇದೆ, ಆದರೆ ಮೊದಲೇ ಬರೆಸಿಕೊಟ್ಟ ನಂಬರುಗಳಿಗೆ ಮಾತ್ರ. ಆದ್ದರಿಂದ ನಿಮ್ಮದೊಂದು, ವಕೀಲರದೊಂದು ನಂಬರನ್ನು ಮೊದಲ ಭೇಟಿಯಲ್ಲೇ ಅವರಿಗೆ ಬಾಯಿಪಾಠ ಮಾಡಿಸಿ.

ಭೇಟಿ ಕೆಲವೇ ನಿಮಿಷಗಳದು, ನಡುವೆ ಬಲೆಯೋ ಗಾಜೋ ಇರುತ್ತದೆ, ಹತ್ತಿರದಲ್ಲಿ ಸಿಬ್ಬಂದಿ ನಿಂತಿರುತ್ತಾರೆ. ಹಣದ ಲೆಕ್ಕ ಹೇಗೆ ತಪ್ಪಿತು, ಯಾರು ಏನು ಹೇಳಿದರು ಎಂಬ ಮಾತನ್ನು ಅಲ್ಲಿ ಎತ್ತಲೇಬೇಡಿ, ಫೋನಿನಲ್ಲಿಯೂ ಬೇಡ, ಪತ್ರದಲ್ಲಿಯೂ ಬೇಡ, ಏಕೆಂದರೆ ಪತ್ರಗಳನ್ನು ಅಧಿಕಾರಿಗಳು ಓದುತ್ತಾರೆ. ಕೇಸಿನ ಮಾತು ವಕೀಲರಿಗೆ ಬಿಟ್ಟದ್ದು. ವಕೀಲರ ಭೇಟಿ ಮಾತ್ರ ಸಿಬ್ಬಂದಿಯ ಕಣ್ಣಿಗೆ ಕಾಣುವಂತೆ, ಆದರೆ ಕಿವಿಗೆ ಬೀಳದಂತೆ ನಡೆಯಬೇಕು. ನಿಮ್ಮ ಪಾಲಿನ ಆ ಕೆಲವು ನಿಮಿಷಗಳಲ್ಲಿ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ, ಅತ್ತೆಯ ಮಾತ್ರೆ ತಂದಾಗಿದೆ, ತೋಟಕ್ಕೆ ಮದ್ದು ಬಿಡಲು ಇಂಥವರು ಒಪ್ಪಿದ್ದಾರೆ ಎಂದು ಹೇಳಿ. ಒಳಗಿರುವವರ ನಿದ್ದೆ ಕೆಡಿಸುವುದು ಬಹಳ ಸಲ ಕೇಸಲ್ಲ, ಮನೆ ಹೇಗೆ ನಡೆಯುತ್ತಿದೆಯೋ ಎಂಬ ಚಿಂತೆ.

ಇನ್ನು ಭಾಷೆ. ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ಬರಹದಲ್ಲಿ ತಿಳಿಸಬೇಕೆಂದು ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಸ್ಪಷ್ಟವಾಗಿ ಹೇಳಿದೆ. ನಿಮ್ಮ ಗಂಡನಿಗೆ ಓದಲು ಬರುವುದು ಕನ್ನಡ ಮಾತ್ರವಾಗಿದ್ದು, ಕೊಟ್ಟ ಕಾಗದ ಮಲಯಾಳದಲ್ಲಿ ಮಾತ್ರ ಇದ್ದರೆ, ಅದನ್ನು ಜಾಮೀನು ಅರ್ಜಿಯಲ್ಲಿ ಎತ್ತಬೇಕಾದ ವಿಷಯವೆಂದು ವಕೀಲರಿಗೆ ನೆನಪಿಸಿ. ಸರಕಾರದ ಇಲಾಖೆಗಳಿಗೆ ಬರೆಯುವಾಗ ನೀವು ಮಲಯಾಳ ಬಲ್ಲವರನ್ನು ಹುಡುಕಿಕೊಂಡು ಅಲೆಯಬೇಕಾಗಿಲ್ಲ. 1969ರ ಕೇರಳ ರಾಜಭಾಷಾ ಕಾಯ್ದೆಯು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ಕನ್ನಡದಲ್ಲಿಯೇ ಪತ್ರವ್ಯವಹಾರ ಮಾಡುವ ಹಕ್ಕನ್ನು ಕೊಟ್ಟಿದೆ. ಭಾಷೆ ಬಾರದೆಂಬ ಕಾರಣಕ್ಕೆ ಕೇಳಬೇಕಾದ್ದನ್ನು ಕೇಳದೆ ಹಿಂದಿರುಗುವ ನಮ್ಮ ಜನರನ್ನು ಕೋರ್ಟಿನ ವರಾಂಡದಲ್ಲಿ ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಕಾನೂನು ಅವರ ಪಕ್ಷದಲ್ಲಿರುವಾಗಲೂ ಅವರು ಸುಮ್ಮನೆ ಬಸ್ಸು ಹತ್ತುತ್ತಾರೆ.

ವಕೀಲರನ್ನು ಇಡಲು ಹಣವಿಲ್ಲದಿದ್ದರೆ ಒಡವೆ ಅಡವಿಡುವ ಮೊದಲು ವಿದ್ಯಾನಗರದ ಕೋರ್ಟು ಸಂಕೀರ್ಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆಗಲಿ, ಅವರ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ಸೇವೆ ಸಿಗಬೇಕು. ಬೇರೆ ವಕೀಲರನ್ನು ಗೊತ್ತುಮಾಡಿದರೆ, ವಕಾಲತ್ತಿಗೆ ನಿಮ್ಮ ಗಂಡ ಜೈಲಿನೊಳಗೇ ಸಹಿ ಹಾಕಿ, ಜೈಲಿನ ಸೂಪರಿಂಟೆಂಡೆಂಟರು ಅದನ್ನು ದೃಢೀಕರಿಸಬೇಕು. ಇದಕ್ಕೆ ಒಂದೆರಡು ದಿನ ಹಿಡಿದರೆ ಗಾಬರಿಯಾಗಬೇಡಿ.

ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಜಾಮೀನು ತಿರಸ್ಕೃತವಾದರೆ ಸೆಷನ್ಸ್ ಕೋರ್ಟು ಇದೆ, ಅದರ ಮೇಲೆ ಎರ್ನಾಕುಳಂನ ಹೈಕೋರ್ಟು ಇದೆ. ಇವೆರಡರ ಹೊರತಾಗಿಯೂ ಒಂದು ದಿನಾಂಕವನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಗುರುತುಮಾಡಿಟ್ಟುಕೊಳ್ಳಿ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಾದರೆ 90 ದಿನಗಳೊಳಗೆ, ಉಳಿದವುಗಳಲ್ಲಿ 60 ದಿನಗಳೊಳಗೆ ಪೊಲೀಸರು ಆರೋಪಪಟ್ಟಿ ಸಲ್ಲಿಸದಿದ್ದರೆ, ಜಾಮೀನು ಹಕ್ಕಾಗಿಯೇ ಸಿಗುತ್ತದೆ. ಆದರೆ ಕೇಳಬೇಕು, ಕೇಳುವ ಮೊದಲು ಆರೋಪಪಟ್ಟಿ ಬಂದುಬಿಟ್ಟರೆ ಆ ಹಕ್ಕು ಹೋಗುತ್ತದೆ. ಲೆಕ್ಕ ಬರೆಯುವವರ ಮೇಲಿನ ನಂಬಿಕೆದ್ರೋಹದ ಆರೋಪಕ್ಕೆ ಗರಿಷ್ಠ ಶಿಕ್ಷೆ ಏಳು ವರ್ಷ, ಆದ್ದರಿಂದ ಬೇರೆ ದೊಡ್ಡ ಆರೋಪ ಸೇರಿಸಿಲ್ಲವಾದರೆ ನಿಮ್ಮ ಗಂಡನಿಗೆ ಅನ್ವಯವಾಗುವುದು 60 ದಿನಗಳ ಲೆಕ್ಕ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಏಕೆ ಅಗತ್ಯವಾಯಿತು ಎಂಬುದನ್ನು ಪೊಲೀಸರು ಬರೆದು ತೋರಿಸಬೇಕೆಂದು 2014ರಿಂದಲೇ ಸುಪ್ರೀಂ ಕೋರ್ಟಿನ ಆದೇಶವಿದೆ. ಅದನ್ನೂ ವಕೀಲರು ನೋಡಲಿ.

ಪ್ರಶ್ನೆ: ನನ್ನ ತಮ್ಮನಿಗೆ ಜಾಮೀನು ಸಿಕ್ಕಿ ವಾರ ಕಳೆದಿದೆ, ಇನ್ನೂ ಒಳಗೇ ಇದ್ದಾನೆ. ಇಬ್ಬರು ಜಾಮೀನುದಾರರು ಬೇಕು ಎಂದಿದ್ದಾರೆ. ನಮ್ಮ ಜಾಗವೆಲ್ಲ ಬಂಟ್ವಾಳ ತಾಲೂಕಿನಲ್ಲಿದೆ. ಕರ್ನಾಟಕದ ಪಹಣಿ ನಡೆಯುವುದಿಲ್ಲ, ಕೇರಳದ ಭೂಕಂದಾಯ ರಶೀದಿಯೇ ಬೇಕು ಎಂದು ಒಬ್ಬರು ಹೇಳಿದರು. ಅವನು ಬಾಡಿಗೆ ಮನೆಯಲ್ಲಿದ್ದವನು, ಅಲ್ಲಿ ಅವನಿಗಾಗಿ ರಶೀದಿ ಕೊಡುವವರು ಯಾರೂ ಇಲ್ಲ.
– ವಿಟ್ಲದ ಓದುಗರು

ಉತ್ತರ: ಗಡಿಯಲ್ಲಿ ಬದುಕುವ ನಮಗೆ ಈ ತೊಂದರೆ ಹೊಸತಲ್ಲ. ಅಣ್ಣ ತಲಪಾಡಿಯ ಆಚೆ, ತಮ್ಮ ಈಚೆ ಎಂಬಂತಹ ಮನೆಗಳೇ ಇಲ್ಲಿ ಹೆಚ್ಚು. ಇದಕ್ಕೆ ಉತ್ತರವನ್ನು ಸುಪ್ರೀಂ ಕೋರ್ಟು 1978ರಲ್ಲಿಯೇ ಕೊಟ್ಟಿದೆ. ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನಿಗೆ ಜಾಮೀನು ಸಿಕ್ಕಿದಾಗ ಕೆಳಗಿನ ಕೋರ್ಟು ಹತ್ತು ಸಾವಿರ ರೂಪಾಯಿಯ ಜಾಮೀನುದಾರನನ್ನು ಕೇಳಿತು, ಅವನ ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂಬ ಕಾರಣಕ್ಕೆ ಅದನ್ನು ಒಪ್ಪಲಿಲ್ಲ. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಇದನ್ನು ತಳ್ಳಿಹಾಕಿ, ಅವನನ್ನು ಒಂದು ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಲು ಹೇಳಿದರು. ಒಬ್ಬ ಮಲಯಾಳಿ, ಕನ್ನಡಿಗ, ತಮಿಳ ಅಥವಾ ತೆಲುಗ ದೂರದ ಊರಿನಲ್ಲಿ ಬಂಧಿತನಾದರೆ ಅಲ್ಲಿನ ಆಸ್ತಿವಂತರನ್ನು ಎಲ್ಲಿಂದ ತರಬೇಕು ಎಂಬ ಅರ್ಥದ ಪ್ರಶ್ನೆಯನ್ನು ಅವರು ಆ ತೀರ್ಪಿನಲ್ಲಿಯೇ ಕೇಳಿದ್ದಾರೆ. ತಲಶ್ಶೇರಿಯಲ್ಲಿ ವಕೀಲಿ ಮಾಡಿ, 1957ರಲ್ಲಿ ಕೇರಳದ ಜೈಲು ಖಾತೆಯನ್ನೂ ನೋಡಿಕೊಂಡವರು ಅವರು. ಜೈಲಿನ ಬಾಗಿಲಿನ ಎರಡೂ ಬದಿ ಅವರಿಗೆ ಗೊತ್ತಿತ್ತು.

2023ರ ಜನವರಿ 31ರಂದು ಅದೇ ಕೋರ್ಟು ಇನ್ನೂ ಮುಂದೆ ಹೋಯಿತು. ಸ್ಥಳೀಯ ಜಾಮೀನುದಾರನೇ ಬೇಕೆಂಬ ಒತ್ತಾಯದಿಂದ ಬಿಡುಗಡೆ ತಡವಾಗುವುದನ್ನು ಗಮನಿಸಿ, ಅಂಥ ಷರತ್ತನ್ನು ಹಾಕದಿರುವುದು ಒಳ್ಳೆಯದೆಂದು ಕೆಳಗಿನ ಕೋರ್ಟುಗಳಿಗೆ ಸೂಚಿಸಿತು. ಜಾಮೀನು ಸಿಕ್ಕಿ ಏಳು ದಿನಗಳಾದರೂ ಬಿಡುಗಡೆಯಾಗದಿದ್ದರೆ ಜೈಲಿನ ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಜಾಮೀನುಪತ್ರ ಕೊಡಲಾಗದಿದ್ದರೆ ಷರತ್ತನ್ನು ಸಡಿಲಿಸುವ ವಿಚಾರವನ್ನು ಕೋರ್ಟು ತಾನಾಗಿಯೇ ಕೈಗೆತ್ತಿಕೊಳ್ಳಬಹುದು. ನಿಮ್ಮ ತಮ್ಮನ ಏಳು ದಿನ ಈಗಾಗಲೇ ಮುಗಿದಿದೆ. ಪ್ರಾಧಿಕಾರದ ಕಾರ್ಯದರ್ಶಿಗೆ ಜಾಮೀನು ಆದೇಶದ ಪ್ರತಿಯೊಂದಿಗೆ ಇಂದೇ ಬರೆಯಿರಿ, ಮತ್ತು ಬಂಟ್ವಾಳದ ಪಹಣಿ, ಅಲ್ಲಿನ ತಹಶೀಲ್ದಾರರ ಸಾಲ್ವೆನ್ಸಿ ಸರ್ಟಿಫಿಕೇಟು (ಜಾಮೀನುದಾರರ ಆಸ್ತಿಯ ಸಾಮರ್ಥ್ಯದ ಪತ್ರ) ಹಾಗೂ ಜಾಮೀನುದಾರರ ಆಧಾರ್ ಜೊತೆಗಿಟ್ಟು ಷರತ್ತು ಬದಲಾಯಿಸುವ ಅರ್ಜಿಯನ್ನು ವಕೀಲರು ಹಾಕಲಿ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಆಗುವುದಿಲ್ಲ ಎಂದದ್ದನ್ನು ಕೋರ್ಟಿನ ಆದೇಶವೆಂದು ತಿಳಿದುಕೊಳ್ಳಬೇಡಿ.

ಹಣದ ಕೊರತೆಯೇ ಅಡ್ಡಿಯಾದವರಿಗೆ 2023ರಿಂದ ಕೇಂದ್ರ ಸರಕಾರದ ಬಡ ಕೈದಿಗಳ ನೆರವಿನ ಯೋಜನೆ ಇದೆ. ಅದರಲ್ಲಿ ಜಾಮೀನಿಗಾಗಿ ಹಣದ ನೆರವು ಸಿಗಬಹುದು; ಯೋಜನೆ ಆರಂಭವಾದಾಗ ಅದರ ಮಿತಿ 40,000 ರೂಪಾಯಿ ಆಗಿತ್ತು. ಮಾದಕವಸ್ತುವಿನಂತಹ ಕೆಲವು ಕಾನೂನುಗಳ ಕೇಸುಗಳಿಗೆ ಅದು ಇಲ್ಲ. ಕೇಳಬೇಕಾದ್ದು ಅದೇ ಪ್ರಾಧಿಕಾರದಲ್ಲಿ.

ಪ್ರಶ್ನೆ: ನನ್ನ ಅಣ್ಣನಿಗೆ ದಿನವೂ ಕುಡಿತವಿತ್ತು. ಮೊನ್ನೆ ಜಗಳದ ಕೇಸಿನಲ್ಲಿ ಒಳಗೆ ಹೋದ. ಹೀಗಾದರೂ ಕುಡಿತ ಬಿಟ್ಟುಹೋಗಲಿ ಎಂದು ಅಮ್ಮ ಸಮಾಧಾನಪಟ್ಟುಕೊಂಡಿದ್ದಾರೆ. ಬಿ.ಪಿ. ಮಾತ್ರೆಯೂ ಇತ್ತು. ಏನಾದರೂ ಮಾಡಬೇಕೆ?
– ಉಪ್ಪಳದ ಓದುಗರು

ಉತ್ತರ: ಮಾಡಬೇಕು, ಈ ಪತ್ರಿಕೆ ಕೈಸೇರುವ ಮೊದಲೇ ತಿಳಿಯಲೆಂದು ಇವರಿಗೆ ಫೋನಿನಲ್ಲಿಯೂ ಹೇಳಿದ್ದೇನೆ. ಉಳಿದವರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ. ದಿನವೂ ವಿಪರೀತ ಕುಡಿಯುತ್ತಿದ್ದವರಿಗೆ ಅದು ಒಮ್ಮೆಗೇ ನಿಂತರೆ ಮೊದಲ ದಿನವೇ ಕೈನಡುಕ, ಬೆವರು, ವಾಂತಿ ಶುರುವಾಗಬಹುದು. ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಇಲ್ಲದ್ದು ಕಾಣುವುದು, ಕೇಳುವುದು, ಎಲ್ಲಿದ್ದೇನೆಂದು ತಿಳಿಯದಾಗುವುದು ಆಗಬಹುದು. ಚಿಕಿತ್ಸೆಯಿಲ್ಲದಿದ್ದರೆ ಇದರಿಂದ ಪ್ರಾಣವೇ ಹೋದೀತು, ಚಿಕಿತ್ಸೆ ಮಾಡಿದರೆ ಗುಣವಾಗುತ್ತದೆ. ಹೊಸದಾಗಿ ಬಂದವನು ನಾಟಕವಾಡುತ್ತಿದ್ದಾನೆ ಎಂದು ಪಕ್ಕದವರು ತಿಳಿದುಕೊಳ್ಳುವ ಮೊದಲು ಅಧಿಕಾರಿಗಳಿಗೆ ಗೊತ್ತಾಗಬೇಕು. ಮರ್ಯಾದೆಗೆ ಅಂಜಿ ಕುಡಿತದ ವಿಷಯವನ್ನು ಮುಚ್ಚಿಡುವ ಮನೆಯವರು ಈ ಒಂದು ಸಂದರ್ಭದಲ್ಲಿ ದಯವಿಟ್ಟು ಹಾಗೆ ಮಾಡಬೇಡಿ.

ಸೂಪರಿಂಟೆಂಡೆಂಟರಿಗೆ ಒಂದು ಪುಟದ ಪತ್ರ ಬರೆಯಿರಿ: ದಿನಕ್ಕೆ ಎಷ್ಟು ಕುಡಿಯುತ್ತಿದ್ದ, ಕೊನೆಯ ಬಾರಿ ಯಾವಾಗ, ಮೊದಲು ಫಿಟ್ಸ್ ಬಂದದ್ದಿದೆಯೇ, ಬಿ.ಪಿ. ಮಾತ್ರೆಯ ಹೆಸರು ಮತ್ತು ಪ್ರಮಾಣ, ನೋಡುತ್ತಿದ್ದ ವೈದ್ಯರ ಚೀಟಿಯ ನಕಲು. ಪತ್ರದ ಇನ್ನೊಂದು ಪ್ರತಿಗೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ. ಮಾತ್ರೆಗಳನ್ನು ಕೊಡಬಹುದೇ ಎಂದು ಕೇಳಿ, ಕೊಡಬಹುದಾದರೆ ಚೀಟಿಯೊಂದಿಗೆ ಕಚೇರಿಯ ಮೂಲಕವೇ ಕೊಡಿ. ಸಕ್ಕರೆ ಕಾಯಿಲೆ, ಹೃದ್ರೋಗ, ಮಾನಸಿಕ ಕಾಯಿಲೆಯ ಚಿಕಿತ್ಸೆಯಲ್ಲಿರುವವರ ಮನೆಯವರೂ ಇದನ್ನೇ ಮಾಡಬೇಕು. ನಾನು ಇನ್ನು ಬದುಕುವುದಿಲ್ಲ ಎಂಬ ಮಾತನ್ನು ಭೇಟಿಯಲ್ಲಿ ಅವರು ಆಡಿದರೆ, ಅದನ್ನು ಹಾಗೆಯೇ ಬಿಟ್ಟು ಬಸ್ಸು ಹತ್ತಬೇಡಿ. ಕಚೇರಿಯೊಳಗೆ ಹೋಗಿ, ಇದ್ದ ಅಧಿಕಾರಿಗೆ ಆ ಮಾತನ್ನು ಆಡಿದ ಹಾಗೆಯೇ ಹೇಳಿ, ವಕೀಲರಿಗೂ ತಿಳಿಸಿ. ಜೈಲು ಸೇರಿದ ಮೊದಲ ದಿನಗಳಲ್ಲಿ ಮನಸ್ಸು ಬಹಳ ಕುಸಿದಿರುತ್ತದೆ.

ಪ್ರಶ್ನೆ: ಏಳು ವರ್ಷದ ಮಗಳು ಅಪ್ಪ ಎಲ್ಲಿ ಎಂದು ಕೇಳುತ್ತಾಳೆ. ಗಲ್ಫಿಗೆ ಹೋಗಿದ್ದಾರೆ ಎಂದು ಹೇಳಿದ್ದೇವೆ. ಸರಿಯೇ?
– ಕುಂಬಳೆಯ ಓದುಗರು

ಉತ್ತರ: ನಮ್ಮೂರಲ್ಲಿ ಎಲ್ಲರೂ ನಂಬುವ ಸುಳ್ಳು ಅದು, ಆದರೆ ಶಾಲೆಯಲ್ಲಿ ಯಾರಾದರೂ ಒಂದು ಮಗು ಅದನ್ನು ಒಡೆದು ಹೇಳುವವರೆಗೆ ಮಾತ್ರ. ಆಮೇಲೆ ಅವಳು ನಿಮ್ಮನ್ನು ಕೇಳುವುದನ್ನೇ ನಿಲ್ಲಿಸುತ್ತಾಳೆ. ಅಪ್ಪ ತಪ್ಪು ಮಾಡಿದ್ದಾರೆಯೇ ಎಂದು ಜಡ್ಜ್ ನೋಡುತ್ತಿದ್ದಾರೆ, ಅಲ್ಲಿಯವರೆಗೆ ಒಂದು ಕಡೆ ಇರಬೇಕು, ಅವರಿಗೆ ಅಲ್ಲಿ ಊಟ ಇದೆ, ಮಲಗಲು ಜಾಗ ಇದೆ, ನಿನ್ನ ಮೇಲೆ ಅವರಿಗೆ ಪ್ರೀತಿ ಇದೆ ಎಂದು ಹೇಳಿದರೆ ಆ ವಯಸ್ಸಿಗೆ ಸಾಕು. ಯಾವಾಗ ಬರುತ್ತಾರೆ ಎಂದು ಕೇಳಿದರೆ ನಿಮಗೆ ಗೊತ್ತಿಲ್ಲದ ದಿನಾಂಕವನ್ನು ಹೇಳಬೇಡಿ. ತರಗತಿಯ ಟೀಚರಿಗೆ ಮಾತ್ರ ವಿಷಯ ತಿಳಿಸಿ. ಅವಳು ಚಿತ್ರ ಬಿಡಿಸಿ, ಎರಡು ಸಾಲು ಬರೆದು ಕೊಟ್ಟರೆ ಅದನ್ನು ಅಂಚೆಯಲ್ಲಿ ಕಳುಹಿಸಿ. ಭೇಟಿಗೆ ಕರೆದುಕೊಂಡು ಹೋಗುವುದಾದರೆ ನೀವು ಒಮ್ಮೆ ಒಬ್ಬರೇ ಹೋಗಿ ನೋಡಿ ಬಂದ ಮೇಲೆ ಹೋಗಿ, ಮತ್ತು ಬಲೆಯ ನಡುವಿನಿಂದ ಅಪ್ಪನನ್ನು ಮುಟ್ಟಲಾಗುವುದಿಲ್ಲ ಎಂಬುದನ್ನು ದಾರಿಯಲ್ಲಿಯೇ ಅವಳಿಗೆ ಹೇಳಿರಿ.

ತಾಯಂದಿರೇ ಜೈಲಿಗೆ ಹೋದಾಗ ಆರು ವರ್ಷದೊಳಗಿನ ಮಗು ಅವರ ಜೊತೆ ಇರಬಹುದು. ಕೇರಳದ ಸಾಮಾಜಿಕ ನ್ಯಾಯ ಇಲಾಖೆಯಲ್ಲಿ ಕೈದಿಗಳ ಮಕ್ಕಳ ಓದಿಗೆ ನೆರವಿನ ಯೋಜನೆ ಇದೆ. ಜಿಲ್ಲಾ ಪ್ರೊಬೇಷನ್ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ಮಗನಿಗೆ ಐದು ವರ್ಷ ಶಿಕ್ಷೆಯಾಗಿ ಕಣ್ಣೂರಿಗೆ ಕಳುಹಿಸಿದರು. ಇನ್ನು ಐದು ವರ್ಷ ನೋಡಲಿಕ್ಕೇ ಆಗುವುದಿಲ್ಲವೇ? ನನಗೆ ಅರುವತ್ತೆಂಟು.
– ಪೆರ್ಲದ ಓದುಗರು

ಉತ್ತರ: ಅಮ್ಮ, ಹಾಗೇನಿಲ್ಲ. 1869ರಿಂದ ಇರುವ ಕಣ್ಣೂರಿನ ಸೆಂಟ್ರಲ್ ಜೈಲಿನಲ್ಲಿಯೂ ಭೇಟಿ, ಫೋನು, ಪತ್ರ ಎಲ್ಲ ಇದೆ. ತೀರ್ಪಿಗೆ ಮೊದಲು ಅವನು ಒಳಗೆ ಕಳೆದ ದಿನಗಳನ್ನು ಆ ಐದು ವರ್ಷಗಳಲ್ಲಿ ಕಳೆಯುತ್ತಾರೆ. ಒಳ್ಳೆಯ ನಡತೆಗೆ ಶಿಕ್ಷೆಯ ದಿನಗಳಲ್ಲಿ ವಿನಾಯಿತಿಯೂ ಇದೆ. ಇನ್ನು ಅವನು ಜೈಲಿನ ಬಿಳಿ ಬಟ್ಟೆ ತೊಡುತ್ತಾನೆ, ಕಠಿಣ ಶಿಕ್ಷೆಯಾಗಿದ್ದರೆ ಕೆಲಸ ಮಾಡಬೇಕು, ಅದಕ್ಕೆ ಕೂಲಿ ಸಿಗುತ್ತದೆ.

ತುರ್ತಾಗಿ ಮಾಡಬೇಕಾದ್ದು ಅಪೀಲು. ಸೆಷನ್ಸ್ ಕೋರ್ಟಿಗೆ ಹೋಗುವುದಾದರೆ 30 ದಿನ, ಹೈಕೋರ್ಟಿಗೆ ಹೋಗುವುದಾದರೆ 60 ದಿನಗಳ ಅವಧಿ. ಅಪೀಲಿನೊಂದಿಗೆ ಶಿಕ್ಷೆಯನ್ನು ತಡೆಹಿಡಿದು ಜಾಮೀನು ಕೊಡುವಂತೆ ಕೇಳಬಹುದು. ವಕೀಲರಿಗೆ ಹಣವಿಲ್ಲದಿದ್ದರೆ ಅವನೇ ಜೈಲಿನ ಅಧಿಕಾರಿಗಳ ಮೂಲಕ ಅಪೀಲು ಕಳುಹಿಸಬಹುದು, ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಕೊಡುತ್ತದೆ. ಮುಂದೆ ರಜೆಯ ಮೇಲೆ, ಅಂದರೆ ಪೆರೋಲಿನಲ್ಲಿ, ಮನೆಗೆ ಬರಲು ಅವನು ಅರ್ಹನಾದಾಗ ಪೊಲೀಸರು ಮತ್ತು ಪ್ರೊಬೇಷನ್ ಅಧಿಕಾರಿಗಳು ಊರಿಗೆ ಬಂದು ವಿಚಾರಿಸುತ್ತಾರೆ, ಆಗ ನೆರೆಕರೆಯವರ ಮಾತಿಗೆ ಬೆಲೆ ಇರುತ್ತದೆ. ಆದುದರಿಂದ ಈಗ ಅವರೊಂದಿಗೆ ಮಾತು ಬಿಡಬೇಡಿ. ಒಳ್ಳೆಯ ನಡತೆಯವರನ್ನು ಆಯ್ದು ನಮ್ಮ ಜಿಲ್ಲೆಯದೇ ಚೀಮೇನಿಯ ತೆರೆದ ಜೈಲಿಗೆ ಕಳುಹಿಸುವುದೂ ಇದೆ. ಅಲ್ಲಿ ಕೃಷಿ ಕೆಲಸವಿದೆ, ಪೆರ್ಲದಿಂದ ಕಣ್ಣೂರಿಗಿಂತ ಅದು ಹತ್ತಿರ.

ಪ್ರಶ್ನೆ: ಒಳಗೆ ಮಗನಿಗೆ ಯಾರೂ ಹೊಡೆಯದಂತೆ ನೋಡಿಕೊಳ್ಳುತ್ತೇನೆ, ಒಳ್ಳೆಯ ಕೋಣೆ ಕೊಡಿಸುತ್ತೇನೆ, ಮೂವತ್ತು ಸಾವಿರ ಕೊಡಿ ಎಂದು ಒಬ್ಬರು ಮನೆಗೆ ಬಂದಿದ್ದರು. ಐದು ಸಾವಿರ ಗೂಗಲ್ ಪೇ ಮಾಡಿದ್ದೇನೆ. ಉಳಿದದ್ದು ಕೊಡದಿದ್ದರೆ ಅವನಿಗೆ ತೊಂದರೆಯಾದೀತೆ?
– ಮುಳ್ಳೇರಿಯದ ಓದುಗರು

ಉತ್ತರ: ಇನ್ನು ಒಂದು ರೂಪಾಯಿಯನ್ನೂ ಕೊಡಬೇಡಿ. ಹೊರಗಿನ ಯಾವ ವ್ಯಕ್ತಿಗೂ ಕೋಣೆ ಹಂಚುವ ಅಧಿಕಾರವಿಲ್ಲ. ನಿಮ್ಮ ಭಯವನ್ನು ಕಂಡು ಬಂದವರು ಇವರು, ಹಣ ಸಿಕ್ಕಿದಷ್ಟು ಸಲ ಮತ್ತೆ ಬರುತ್ತಾರೆ. ಮಗನನ್ನು ಭೇಟಿಯಾಗಿ ಅವನ ಮೈಕೈಯನ್ನು ನೀವೇ ಕಣ್ಣಾರೆ ನೋಡಿ. ನಿಜವಾಗಿಯೂ ಹೊಡೆತ ಬಿದ್ದಿದ್ದರೆ ಸೂಪರಿಂಟೆಂಡೆಂಟರಿಗೆ ಬರೆದು ಕೊಡಿ, ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ಅದರ ಪ್ರತಿ ಕಳುಹಿಸಿ, ಮುಂದಿನ ಹಾಜರಾತಿಯಲ್ಲಿ ಮ್ಯಾಜಿಸ್ಟ್ರೇಟರಿಗೆ ಹೇಳಲು ಅವನಿಗೆ ತಿಳಿಸಿ. ಜಾತಿಯ ಹೆಸರಿನಲ್ಲಿ ಅವನಿಗೆ ಗುಡಿಸುವ, ತೊಳೆಯುವ ಕೆಲಸವನ್ನಷ್ಟೇ ಹಚ್ಚಿದ್ದರೆ ಅದನ್ನೂ ಬರೆಯಿರಿ, 2024ರ ಅಕ್ಟೋಬರ್ 3ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಜೈಲಿನೊಳಗಿನ ಅಂಥ ಭೇದವನ್ನು ಅಸಂವಿಧಾನಿಕವೆಂದು ಹೇಳಿದೆ. ಯಾವನಾದರೂ ಸರಕಾರಿ ನೌಕರನ ಹೆಸರು ಹೇಳಿ ಹಣ ಕೇಳಿದ್ದರೆ ಲಂಚದ ದೂರುಗಳನ್ನು ನೋಡುವ ಕೇರಳದ ವಿಜಿಲೆನ್ಸಿನ 1064 ನಂಬರಿಗೆ ಫೋನ್ ಮಾಡಿ. ಐದು ಸಾವಿರ ಹೋದ ಗೂಗಲ್ ಪೇ ದಾಖಲೆಯನ್ನು ಅಳಿಸಬೇಡಿ, ಅದರ ಸ್ಕ್ರೀನ್‌ಶಾಟ್ ತೆಗೆದು, ಅವರು ಫೋನ್ ಮಾಡಿದ ನಂಬರ್ ಮತ್ತು ಮನೆಗೆ ಬಂದ ದಿನವನ್ನು ಬರೆದು, ದೂರಿನ ಜೊತೆಗೇ ಲಗತ್ತಿಸಿ.